ಊಟದ ಹೊತ್ತು, ಗಂಟಲ ಕುತ್ತು

ಇಚಲಕರಂಜಿಯ ಮಗ್ಗುಲಿಗೇ ಇರುವ ಶಹಾಪುರದಲ್ಲಿ ಉಣ್ಣುವುದು, ಮಲಗುವುದು, ಏಳುವುದು ಎಲ್ಲ ವಿದ್ಯುತ್ ಮಗ್ಗದ ಪಾಳಿಯ ಪ್ರಕಾರ. 1904ರಲ್ಲಿ ವಿಠ್ಠಲರಾವ್ ದಾತಾರ್ ಇಚಲಕರಂಜಿಯಲ್ಲಿ ಮೊದಲ ವಿದ್ಯುತ್ ಮಗ್ಗ ಹಾಕಿದರು. ಆಮೇಲಿನ ವರ್ಷಗಳಲ್ಲಿ ಬೆಳಗಾವಿ, ವಿಜಯಪುರದ ಕಡೆಯಿಂದ ಎಷ್ಟೋ ಕನ್ನಡ ಮನೆತನಗಳು ದುಡಿಮೆಗೆ ಬಂದು ಇಲ್ಲೇ ನೆಲೆಸಿದವು. ಇಲ್ಲಿ ಮಾತಾಡುತ್ತಿರುವವರು ಅಂಥ ಒಂದು ಮನೆಯವರು: ಮಗ್ಗದ ಶೆಡ್ಡಿನಲ್ಲಿ ಮಗ್ಗಗಳ ದುರಸ್ತಿ ನೋಡುವ ಜಾಬರ್ ಆಗಿದ್ದು, ಭಜನಾ ಮೇಳದಲ್ಲಿ ಮುಂದೆ ಕೂತು ಹಾಡುವ ಕಾಕಾ, ಮಿರಜದ ಆಸ್ಪತ್ರೆಯೊಂದರ ಕಿವಿ-ಮೂಗು-ಗಂಟಲು ವಿಭಾಗದಲ್ಲಿ ಧ್ವನಿ ಚಿಕಿತ್ಸೆ ಕೊಡುವ ಅವರ ಅಣ್ಣನ ಮಗಳು.

ಕಾಕಾ: ಮಳಿಗಾಲ ಸುರು ಆದಾಗಿಂದ ದನಿ ಏಳವಲ್ದು ಯವ್ವಾ. ಮುಂಜಾನೆ ಎದ್ದ ಕೂಡಲೇ ಗಂಟಲಾಗ ಏನೋ ಸಿಕ್ಕಂಗ. ಕ್ಯಾಕರಿಸಿದ್ರ ಬರೂದಿಲ್ಲ, ನುಂಗಿದ್ರ ಇಳಿಯೂದಿಲ್ಲ. ಭಜನಿಯೊಳಗ ಮ್ಯಾಲಿನ ಷಡ್ಜಕ್ಕ ಹೋದ್ರ ದನಿ ಒಡದು ಹೋಗತೈತಿ. ನಿಮ್ಮ ಡಾಕ್ಟರು ಮೂಗಿನಾಗ ದುರ್ಬೀನ ಇಳಿಸಿ ನೋಡಿ, ಇದು ಹೊಟ್ಟಿ ಹುಳಿ ಮಾಡಿದ್ದು ಅಂದ್ರು. ನನಗ ಎದಿ ಉರದಿಲ್ಲ, ಹುಳಿ ತೇಗು ಬಂದಿಲ್ಲ. ಹೊಟ್ಟಿಯಾಗಿಂದು ಗಂಟಲಿಗೆ ಹೆಂಗ ಬಂತು?

ಮಗಳು: ಎದಿ ಉರೀಲಾರದ ಬರತೈತಿ ಅಂತನ ಇದಕ್ಕ ಸೈಲೆಂಟ್ ರಿಫ್ಲಕ್ಸ್ ಅಂತಾರ, ಕಾಕಾ. ಅನ್ನನಾಳ ಸುಮಾರು 25 ಸೆಂಟಿಮೀಟರ್ ಉದ್ದ. ಅದರ ಕೆಳಗಿನ ತುದಿಗೆ ಒಂದು ಬಿಗಿ, ಮ್ಯಾಲಿನ ತುದಿಗೆ ಒಂದು ಬಿಗಿ. ಕೆಳಗಿನ ಬಿಗಿ ಆಗಾಗ ಸಡ್ಲ ಆಗೂದು ಎಲ್ಲಾರಿಗೂ ಇರೂದ. 24 ತಾಸು ನಳಿಗಿ ಇಟ್ಟು ಅಳದ್ರ, 40 ಸಲದ ತನಕ ಹೊಟ್ಟಿದು ಮ್ಯಾಲ ಬಂದು ಇಳದು ಹೋಗೂದು ಸಹಜ ಅಂತ ಡಾಕ್ಟರು ಹಿಡೀತಾರ. ಅನ್ನನಾಳಕ್ಕ ತಡಕೊಳ್ಳೂ ಶಕ್ತಿ ಐತಿ. ಜೊಲ್ಲು ಬಂದು ತೊಳೀತೈತಿ, ನಾಳ ತಾನ ಕೆಳಗ ನೂಕತೈತಿ. ಮ್ಯಾಲಿನ ಬಿಗಿ ದಾಟಿ ದನಿಪೆಟಗಿಗೆ ಬಂದ್ರ ಅಲ್ಲಿ ಆ ರಕ್ಷಣಾ ಇಲ್ಲ. ಬಂದದ್ದು ಸ್ವಲ್ಪ ಆದ್ರೂ ಸುಡತೈತಿ.

ಕಾಕಾ: ಸಾಯ್ಜಿಂಗ್ ಆದ ನೂಲಿಗೂ ಹಸೀ ನೂಲಿಗೂ ಇರೂ ಫರಕ ಅನ್ನು ಹಂಗಾರ. ಗಂಜಿ ಕುಡದ ನೂಲು ಮಗ್ಗದ ತಿಕ್ಕಾಟ ತಡೀತೈತಿ. ಗಂಜಿ ಕುಡೀಲಾರದ್ದು ಬೀಮಿಗೆ ಹಾಕಿ ನಾಕ ಬೆರಳ ಅರಿವಿ ನೇಯೂದ್ರಾಗ ಪಟಪಟ ಕಡೀತೈತಿ.

ಮಗಳು: ಬರೋಬರಿ ಹೇಳಿದ್ರಿ. ಹುಳಿಯೊಂದ ಅಲ್ಲ, ಅದರ ಜೋಡಿ ಪೆಪ್ಸಿನ್ ಅನ್ನೂದು ಬರತೈತಿ. ಹೊಟ್ಟಿಯಾಗ ಮಾಂಸ, ಬ್ಯಾಳಿ ಕರಗಸೂದ ಅದರ ಕೆಲಸ. ಅದು ಗಂಟಲ ಪದರಿನಾಗ ಅಂಟಿಕೊಂಡು ಕೂತು, ಮುಂದ ಮತ್ತ ಹುಳಿ ಸಿಕ್ಕಾಗ ಕೆಲಸ ಸುರು ಮಾಡತೈತಿ ಅಂತ ಸಂಶೋಧಕರು ಹೇಳತಾರ. 1991ರಾಗ ಅಮೆರಿಕಾದ ಗಂಟಲ ಡಾಕ್ಟರು ಜೇಮಿ ಕೌಫ್‌ಮನ್ ಇಂಥಾ 225 ರೋಗಿಗಳ ಅಧ್ಯಯನ ಪ್ರಕಟ ಮಾಡಿದ್ರು. ಎದಿ ಉರಿ ಐತಿ ಅಂದವರು ಅವರೊಳಗ ಅರ್ಧಕ್ಕಿಂತ ಕಡಿಮಿ.

ಕಾಕಾ: (ಗಂಟಲು ಸರಿಮಾಡುತ್ತ) ಖ್ಹಂ... ಖ್ಹಂ...

ಮಗಳು: ಅಗೋ, ಅದನ್ನ ಮಾಡಬ್ಯಾಡ್ರಿ. ಪ್ರತಿ ಸಲ ಖ್ಹಂ ಅಂದಾಗ ಎರಡೂ ದನಿತಂತಿ ಒಂದಕ್ಕೊಂದು ಬಡಕೋತಾವ. ಬಡಕೊಂಡಲ್ಲಿ ಬಾವು, ಬಾವಿಗೆ ಕಫ, ಕಫಕ್ಕ ಮತ್ತ ಖ್ಹಂ. ಈಗ ಗದ್ದ ಸ್ವಲ್ಪ ಕೆಳಗ ಮಾಡ್ರಿ, ತುಟಿ ಮುಚ್ಚಿ ಗಟ್ಟಿಯಾಗಿ ಒಮ್ಮಿ ನುಂಗ್ರಿ. ಸಾಲಲಿಲ್ಲಂದ್ರ ಒಂದ ಗುಟುಕು ನೀರು. ಅದೂ ಆಗಲಿಲ್ಲಂದ್ರ ಸಪ್ಪಳ ಇಲ್ಲದ ಹ್ಹ ಅಂತ ಉಸುರು ಬಿಟ್ಟು, ಮತ್ತ ನುಂಗ್ರಿ.

ಕಾಕಾ: ...ಹೋತು ನೋಡು. ಪೂರ್ತಿ ಅಲ್ಲ, ಅರ್ಧ ಹೋತು.

ಮಗಳು: ಅರ್ಧ ಹೋದ್ರ ಸಾಕು. ಉಳಿದ ಅರ್ಧ ಬರೇ ರೂಢಿ.

ಕಾಕಾ: ಆದ್ರ ಇದು ಮಗ್ಗದ ಧೂಳಿಂದ ಯಾಕಿರಬಾರದು? ನಮ್ಮ ಶೆಡ್ಡಿನಾಗ ಹತ್ತಿ ತುಪ್ಪಳ ಹಾರಿ ಹುಬ್ಬಿನ ಮ್ಯಾಲ ಕೂತಿರತೈತಿ. ಲಾಳಿ ಸದ್ದಿನಾಗ ಒಬ್ಬಗ ಒಂದ ಪಾನಾ ಕೊಡು ಅನ್ನಬೇಕಂದ್ರೂ ಕಿವಿಗೆ ಬಾಯಿ ಹಚ್ಚಿ ಒದರಬೇಕು.

ಮಗಳು: ಆ ಎರಡನ್ನೂ ನಾವು ಕೇಳೇ ಕೇಳತೀವಿ. ಲಾಳಿ ಮಗ್ಗದ ಶೆಡ್ಡಿನಾಗ ಸದ್ದು 90 ಡೆಸಿಬಲ್ ದಾಟತೈತಿ, ಅದರ ಮ್ಯಾಲ ದನಿ ಎತ್ತಿ ಒದರಿದ್ರ ತಂತಿ ದಣೀತಾವ. ಧೂಳಿನ ರೋಗದ ಗುರುತು ಬ್ಯಾರೆ: ವಾರದ ಸೂಟಿ ಮುಗಿಸಿ ಕೆಲಸಕ್ಕ ಬಂದ ಮೊದಲನೇ ದಿನ ಎದಿ ಬಿಗಿತೈತಿ, ದಮ್ಮು ಹತ್ತತೈತಿ. ನಿಮಗ ಹಂಗಿಲ್ಲ. ಇನ್ನ, 2002ರಾಗ ಒಂಬತ್ತು ಪ್ರಶ್ನಿದೊಂದು ಪಟ್ಟಿ ಮಾಡ್ಯಾರ. ದನಿ ಒಡೆಯೂದು, ಗಂಟಲ ಕ್ಯಾಕರಿಸೂದು, ಕಫ ಇಳಿಯೂದು, ನುಂಗಾಕ ತ್ರಾಸು, ಉಂಡ ಮ್ಯಾಲ ಇಲ್ಲಾ ಮಲಗಿದಾಗ ಕೆಮ್ಮು, ಉಸುರು ಸಿಕ್ಕೊಳ್ಳೂದು, ಕಾಡೂ ಕೆಮ್ಮು, ಗಂಟಲಾಗ ಗಂಟು ಕೂತಂಗ ಆಗೂದು, ಎದಿ ಉರಿ. ಒಂದೊಂದಕ್ಕ ಸೊನ್ನಿಯಿಂದ ಐದರ ತನಕ ಅಂಕಿ. ಕೂಡಿಸಿದ್ದು 13 ದಾಟಿದ್ರ ಸಂಶಯ ಪಡೂದು. ನಿಮ್ಮದು ದಾಟೈತಿ. ಅಲರ್ಜಿ, ಸೈನಸ್ ಇದ್ದಾವರಿಗೂ ಅಂಕಿ ಏರತೈತಿ. ಗಂಟಲ ಹಿಂಭಾಗ ಕೆಂಪಗ ಕಾಣೂದು ಆರೋಗ್ಯ ಇದ್ದಾವರಿಗೂ ಇರತೈತಿ. ಅದಕ್ಕ ಡಾಕ್ಟರು ಇದ ಅಂತ ಗೆರಿ ಹೊಡದು ಹೇಳಲಿಲ್ಲ. ಇದ ಇರಬೇಕು, ಬದಲಾವಣಿ ಮಾಡಿ ನೋಡೂಣು ಅಂದ್ರು.

ಕಾಕಾ: ಬದಲಾವಣಿ ಅಂದ್ರ ಖಾರ ಬಿಡೂದು. ಗೊತ್ತಾತು. ಶೆಡ್ಡಿನಾಗ ಎಲ್ಲಾರೂ ಅದ ಹೇಳ್ಯಾರ: ಕೋಲ್ಹಾಪುರದ ತಾಂಬಡಾ ರಸ್ಸಾ, ಮಿಸಳದ ಕಟ, ಕಾಂದಾ-ಲಸೂಣ ಮಸಾಲಿ, ನಿನ್ನ ಗಂಟಲ ತಿಂದಿದ್ದು ಅದ ಅಂತ. ನಮ್ಮ ಮನಿ ಮೆಣಸಿನಕಾಯಿ ಗಡಹಿಂಗ್ಲಜ ಪ್ಯಾಟಿದು, ಸಂಕೇಶ್ವರದ ಜವಾರಿ. ಅದನ್ನೂ ಬಿಟ್ರ ಊಟಕ್ಕ ಯಾಕ ಕೂಡಬೇಕು?

ಮಗಳು: ಖಾರದ ಮಾತು ಆಮ್ಯಾಲ. ಮೊದಲು ನಿನ್ನಿ ದಿನ ಹೇಳ್ರಿ.

ಕಾಕಾ: ನಿನ್ನಿ ಹಗಲ ಪಾಳಿ. ಮುಂಜಾನೆ ಎಂಟಕ್ಕ ಶೆಡ್ಡು. ಮಧ್ಯಾಹ್ನ ಬುತ್ತಿ ಬಿಚ್ಚೂದ್ರಾಗ ಎರಡು ಮಗ್ಗ ಕೈ ಕೊಟ್ಟವು. ನಿಂತ ನಿಂತಲ್ಲೇ ಅರ್ಧ ರೊಟ್ಟಿ. ಚಹಾ ಎಷ್ಟಾತೋ ಲೆಕ್ಕಿಲ್ಲ. ರಾತ್ರಿ ಎಂಟಕ್ಕ ಬಿಟ್ಟು ಜಳಕ ಮಾಡಿ ಭಜನಿಗೆ ಹೋದ್ನಿ. ಹನ್ನೊಂದಕ್ಕ ಬಂದು ಮೂರು ರೊಟ್ಟಿ, ಝುಣಕ, ಕೆಂಪಖಾರ, ಶೇಂಗಾ ಎಣ್ಣಿ, ಮ್ಯಾಲ ಒಂದು ಬಟ್ಟಲ ಅನ್ನ. ದಿನಾ ಪೂರ್ತಿ ಹಸದ ಹೊಟ್ಟಿ, ತುಂಬ ಉಂಡ್ನಿ. ಉಂಡ ಮ್ಯಾಲ ಎಚ್ಚರ ಎಲ್ಲಿರತೈತಿ? ಕೈ ತೊಳದವನ ಅಡ್ಡಾದ್ನಿ.

ಮಗಳು: ರಾತ್ರಿ ಪಾಳಿ ಇದ್ದ ವಾರ?

ಕಾಕಾ: ಮುಂಜಾನೆ ಎಂಟಕ್ಕ ಬಿಟ್ಟು, ಮೂಲಿ ಮ್ಯಾಲಿನ ಅಂಗಡ್ಯಾಗ ಮಿಸಳ-ಪಾವ ಹೊಡದು, ಒಂಬತ್ತಕ್ಕ ಹಾಸಿಗಿ. ಎಲ್ಲಾರದೂ ಹಂಗ.

ಮಗಳು: ಈಗ ಕೇಳ್ರಿ. ಹೊಟ್ಟಿ ತುಂಬಿ ಉಬ್ಬಿದಾಗ ಕೆಳಗಿನ ಬಿಗಿ ಹೆಚ್ಚ ಸಲ ಸಡ್ಲ ಆಗತೈತಿ. ಎಣ್ಣಿ ಹೆಚ್ಚಿದ್ದ ಊಟ ಹೊಟ್ಟಿಯಾಗ ತಾಸಗಟ್ಟಲೆ ನಿಲ್ಲತೈತಿ. ನೆಟ್ಟಗ ಕೂತಿದ್ರ ಭಾರ ಕೆಳಗ. ಅಡ್ಡಾದ್ರ ಹೊಟ್ಟಿ, ಗಂಟಲು ಒಂದ ಮಟ್ಟಕ್ಕ ಬಂದ್ವು. ನಿದ್ದಿ ಹತ್ತಿದ್ರ ಜೊಲ್ಲು ನಿಲ್ಲತೈತಿ, ನುಂಗೂದು ನಿಲ್ಲತೈತಿ, ತೊಳಿಯಾವರು ಯಾರೂ ಇಲ್ಲ. ಮ್ಯಾಲ ಬಂದದ್ದು ಮುಂಜಾನಿ ತನಕ ಅಲ್ಲೇ. ಇದರಾಗ ಮೆಣಸಿನಕಾಯಿದು ಎಷ್ಟು ತಪ್ಪು ಹೇಳ್ರಿ? ಅದ ಝುಣಕ-ರೊಟ್ಟಿ ನೀವು ಮಧ್ಯಾಹ್ನ ಒಂದಕ್ಕ ಉಂಡು, ಆಮ್ಯಾಲ ಏಳು ತಾಸು ಶೆಡ್ಡಿನಾಗ ನಿಂತ್ರ ಅರ್ಧ ತ್ರಾಸು ಇಲ್ಲ. ಯಾವ ಪದಾರ್ಥ ಯಾರಿಗೆ ಆಗೂದಿಲ್ಲ ಅನ್ನೂದು ಮನಶಾಗೊಂದು ಥರ. ಮಲಗೂದಕ್ಕ ಮೂರು ತಾಸು ಮೊದಲ ಊಟ ಮುಗಿಸೂದು, ತಲಿ ಕಡೆ ಎತ್ತರ ಮಾಡೂದು, ಎಡಕ್ಕ ಮಲಗೂದು, ನಡದ ಬೊಜ್ಜು ಇಳಿಸೂದು, ಇವು ಹೆಚ್ಚುಕಡಿಮಿ ಎಲ್ಲಾರಿಗೂ ಉಪಯೋಗ.

ಕಾಕಾ: ಅಂದ್ರ ಖಾರಕ್ಕ ಮಾಫಿ?

ಮಗಳು: ಜಾಮೀನ ಮ್ಯಾಲ. ಮೊದಲು ಯಾಳೆ ಸರಿ ಮಾಡ್ರಿ, ಆಮ್ಯಾಲನೂ ಖಾರ ತಿಂದ ದಿನ ಗಂಟಲು ಹಿಡದ್ರ ಕಡಿಮಿ ಮಾಡ್ರಿ. ಕಟದ ಮ್ಯಾಲ ತೇಲೂ ಎಣ್ಣಿ ಮಾತ್ರ ಬಿಡ್ರಿ; ಖಾರಕ್ಕಿಂತ ಅದು ಹೆಚ್ಚು ಕಾಡತೈತಿ. ಚಹಾ ದಿನಕ್ಕ ಎರಡು. ಸೋಡಾ ಬ್ಯಾಡ.

ಕಾಕಾ: ಸೋಡಾ ಬ್ಯಾಡ ಅಂತಿ, ಇನೋ ಕುಡದ್ರ ಹಗುರ ಆಗತೈತಲ್ಲ?

ಮಗಳು: ಎದಿ ಉರಿ ಇದ್ದಾವಗ ಒಂದ ಗಳಿಗಿ ಹಗುರ. ಅದರ ಗಾಳಿ ತೇಗಾಗಿ ಬರೂವಾಗ ಹುಳಿನೂ ಕರಕೊಂಡು ಬರತೈತಿ. ಗಂಟಲಿಗೆ ಬ್ಯಾರೆ ಏನೇನು ಹಚ್ಚೀರಿ?

ಕಾಕಾ: ಲವಂಗ, ಜೇಷ್ಠಮಧು, ಥಂಡ ಅನಸೂ ಪುದೀನಾ ಗುಳಿಗಿ. ಬಾಯಾಗ ಅದ ಇಟ್ಕೊಂಡ ಮಲಗಿದ್ದೂ ಐತಿ.

ಮಗಳು: ಪುದೀನಾದ ಸತ್ವ ಆ ಕೆಳಗಿನ ಬಿಗಿಯನ್ನ ಇನ್ನಷ್ಟು ಸಡ್ಲ ಮಾಡತೈತಿ. ಗಂಟಲಿಗೆ ಥಂಡ, ಹೊಟ್ಟಿಗೆ ಬಾಗಲಾ ತಗದಂಗ. ಜೇಷ್ಠಮಧು ಭಾಳ ದಿನ ಅಗದ್ರ ಬಿ.ಪಿ. ಏರತೈತಿ, ನಿಮಗ ಮೊದಲ ಐತಿ. ಎರಡೂ ಇವತ್ತಿಗೆ ಸಾಕು.

ಕಾಕಾ: ಹಂಗಾರ ಗುಳಿಗಿ? ಡಾಕ್ಟರು ಬರದು ಕೊಟ್ಟಾರ. ಔಷಧ ಅಂಗಡ್ಯಾಗ, ಇದನ್ನ ಎಷ್ಟ ವರ್ಷ ಬೇಕಾದ್ರೂ ತಗೋರಿ, ಏನಾಗಂಗಿಲ್ಲ ಅಂದ.

ಮಗಳು: ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಗುಂಪಿನವು ಹುಳಿ ಹುಟ್ಟೂದನ್ನ ಕಡಿಮಿ ಮಾಡತಾವ, ಹುಳಿ ಏರೂದನ್ನ ತಡಿಯಂಗಿಲ್ಲ. ಏರೂದು ಏರತೈತಿ, ಸುಡೂ ಗುಣ ಕಡಿಮಿ ಆಗಿರತೈತಿ. ಅದೂ ಊಟಕ್ಕ ಅರ್ಧ ತಾಸಿನಿಂದ ಒಂದ ತಾಸು ಮೊದಲ ತಗೊಂಡ್ರ. ಉಂಡ ಮ್ಯಾಲ ನುಂಗಿದ್ರ ಗುಣ ಕಡಿಮಿ. ನೀವು?

ಕಾಕಾ: ಉಂಡ ಮ್ಯಾಲ, ಚಹಾದ ಜೋಡಿ.

ಮಗಳು: ಬದಲ ಮಾಡ್ರಿ. ಗಂಟಲ ತ್ರಾಸಿಗೆ ಇದು ಎಷ್ಟು ನಾಟತೈತಿ ಅನ್ನೂದರಾಗ ಒಂದು ದೊಡ್ಡ ಪರೀಕ್ಷಾ ಆಗೈತಿ. ಬ್ರಿಟನ್ನಿನ ಎಂಟು ಕೇಂದ್ರದಾಗ, ಭಾಳ ದಿನದಿಂದ ಗಂಟಲು ಹಿಡದಿದ್ದ 346 ಮಂದಿ. ಒಂದು ಗುಂಪಿಗೆ ಲ್ಯಾನ್ಸೊಪ್ರಜೋಲ್ 30 ಮಿಲಿಗ್ರಾಂ ದಿನಕ್ಕ ಎರಡು ಸಲ, 16 ವಾರ. ಇನ್ನೊಂದು ಗುಂಪಿಗೆ ಔಷಧ ಇಲ್ಲದ ಹುಸಿ ಗುಳಿಗಿ. ಯಾರಿಗೆ ಯಾವುದು ಅಂತ ಅವರಿಗೂ ಗೊತ್ತಿಲ್ಲ, ಕೊಟ್ಟಾವರಿಗೂ ಗೊತ್ತಿಲ್ಲ. 2021ರಾಗ ಬಿಎಂಜೆ ಪತ್ರಿಕಾದಾಗ ಫಲಿತಾಂಶ ಬಂತು. ಎರಡೂ ಗುಂಪಿನವರಿಗೂ ಆರಾಮ ಆತು, ಹೆಚ್ಚುಕಡಿಮಿ ಒಂದ ಅಳತಿಲೆ.

ಕಾಕಾ: ಅಂದ್ರ ಗುಳಿಗಿ ಸುಳ್ಳು?

ಮಗಳು: ಎದಿ ಉರಿ, ಅನ್ನನಾಳದ ಹುಣ್ಣು ಇದ್ದಾವರಿಗೆ ಅದರಷ್ಟು ಖರೇ ಔಷಧ ಇಲ್ಲ. ಬರೇ ಗಂಟಲಿಂದ ಇದ್ದಾಗ ಅದನ್ನ ನೆಚ್ಚಿ ಊಟದ ಯಾಳೆ ಮರೀಬಾರದು, ಅಷ್ಟ. ಡಾಕ್ಟರು ಹೇಳಿದಷ್ಟು ವಾರ ತಗೊಂಡು, ಮತ್ತ ತೋರಿಸಿ, ಅವರು ಹೇಳಿದಂಗ ಇಳಿಸ್ರಿ. ನಿಮ್ಮಷ್ಟಕ್ಕ ನೀವು ಫಟ್ಟನ ಬಿಟ್ರ ಹುಳಿ ಒಮ್ಮೆಲೆ ಏರತೈತಿ. ವರ್ಷಗಟ್ಟಲೆ ನುಂಗಿದ್ರ ಬಿ-12, ಮೆಗ್ನೀಷಿಯಂ ಕಡಿಮಿ ಆಗೂದು ಉಂಟು. ಊಟಾದ ಮ್ಯಾಲ, ಮಲಗೂ ಮುಂದ ತಗೊಳ್ಳೂ ಅಲ್ಜಿನೇಟ್ ಅನ್ನೂ ಔಷಧ ಬ್ಯಾರೆ. ಸಮುದ್ರದ ಪಾಚಿಯಿಂದ ಮಾಡೂದು. ಹೊಟ್ಟಿಯಾಗಿನ ಅನ್ನದ ಮ್ಯಾಲ ದಪ್ಪ ಪದರಾಗಿ ತೇಲಿ, ಏರೂದನ್ನ ಅಡ್ಡ ಹಾಕತೈತಿ. ಅದನ್ನೂ ಡಾಕ್ಟರಿಗೆ ಕೇಳ್ರಿ.

ಕಾಕಾ: ಊಟದ ಪಥ್ಯಕ್ಕ ಏನರ ಪುರಾವಿ ಐತೇನು, ಇಲ್ಲಾ ಅದೂ ಬರೇ ಮಾತ?

ಮಗಳು: 2017ರಾಗ ಅಮೆರಿಕಾದಾಗ ಎರಡು ಗುಂಪು ತಾಳಿ ನೋಡ್ಯಾರ: ಒಂದಕ್ಕ ಗುಳಿಗಿ, ಒಂದಕ್ಕ ಕಾಯಿಪಲ್ಯ, ಕಾಳು, ಬ್ಯಾಳಿ ಹೆಚ್ಚು ಇದ್ದ ಊಟ, ಕ್ಷಾರದ ನೀರು. ಊಟದ ಗುಂಪು ಗುಳಿಗಿ ಗುಂಪಿಗಿಂತ ಹಿಂದ ಬೀಳಲಿಲ್ಲ. ಚೀಟಿ ಎತ್ತಿ ಗುಂಪು ಮಾಡಿದ್ದಲ್ಲ, ಹಳೀ ದಾಖಲಿ ತಗದು ನೋಡಿದ್ದು. ಅದಕ್ಕ ಗಟ್ಟಿ ಪುರಾವಿ ಅನ್ನಂಗಿಲ್ಲ. ಆದ್ರ ಆ ಊಟ ನಮಗೇನು ಹೊಸಾದು? ಜ್ವಾಳದ ರೊಟ್ಟಿ, ಹೆಸರಬ್ಯಾಳಿ ಮುದ್ದಿಪಲ್ಯ, ಹೀರಿಕಾಯಿ, ಮೆಂತ್ಯಪಲ್ಯ. ಎಣ್ಣಿ ಕೈ ಹಿಡದು ಹಾಕಿದ್ರ ಆತು.

ಕಾಕಾ: ಯಾಳೆ ಸರಿ ಮಾಡು ಅನ್ನೂದು ಹಗುರ. ಪಾಳಿ ನನ್ನ ಕೈಯಾಗ ಇಲ್ಲ. ಭಜನಿನೂ ರಾತ್ರಿನ. ಬಾಳಕೃಷ್ಣಬುವಾ ಇಚಲಕರಂಜೀಕರ ಇದ್ದ ಊರಿದು. ವಿಷ್ಣು ದಿಗಂಬರ ಪಲುಸ್ಕರರಿಗೆ ಗ್ವಾಲಿಯರ ಗಾಯಕಿ ಕಲಿಸಿದ ಗುರು. ಹಾಡಾವರು ಹಾಡಿ ಎದ್ದ ಮ್ಯಾಲ ಉಣ್ಣೂದು ಲಾಗಾಯ್ತಿನ ರೂಢಿ.

ಮಗಳು: ಆ ರೂಢಿನ ಹಾಡಾವರನ್ನ ಕಾಡೂದು. ಇಟಲಿಯೊಳಗ ಆಪೆರಾ ಮೇಳದಾವರನ್ನ ಕೇಳಿ ನೋಡ್ಯಾರ. ಹಾಡಲಾರದವರಿಗಿಂತ ಅವರಿಗೆ ಈ ತ್ರಾಸು ಹೆಚ್ಚು. ಉಸುರು ಹಿಡದು ಹೊಟ್ಟಿ ಒತ್ತೂದು ಒಂದು, ತಡರಾತ್ರಿ ಊಟ ಇನ್ನೊಂದು. ಪಾಳಿ ಬದಲ ಮಾಡ್ರಿ ಅನ್ನಂಗಿಲ್ಲ, ಬುತ್ತಿ ಬದಲ ಮಾಡ್ರಿ. ಹಗಲ ಪಾಳಿಗೆ ದೊಡ್ಡ ಊಟ ಮಧ್ಯಾಹ್ನದ್ದು, ಕೂತು ಉಣ್ಣೂದು. ಸಂಜೆ ಆರಕ್ಕ ಎರಡನೇ ಡಬ್ಬಿ: ಎರಡು ರೊಟ್ಟಿ, ಪಲ್ಯ. ಭಜನಿ ಮುಗಿಸಿ ಬಂದ್ರ ನೀರಷ್ಟ. ರಾತ್ರಿ ಪಾಳಿಗೆ ಸಂಜೆ ಏಳಕ್ಕ ಮನಿಯಾಗ ಹೊಟ್ಟಿ ತುಂಬ ಊಟ, ನಡುರಾತ್ರಿ ದಾಟಿದ ಮ್ಯಾಲ ಸಣ್ಣ ಬುತ್ತಿ, ಬೆಳಗಿನ ಐದರ ಮುಂದ ಏನೂ ಬ್ಯಾಡ. ಮಿಸಳ ತಿನ್ನಲೇಬೇಕಂದ್ರ ಎದ್ದ ಮ್ಯಾಲ ತಿನ್ರಿ, ಮಲಗೂಕಿಂತ ಮುಂಚೆ ಅಲ್ಲ.

ಕಾಕಾ: ಮಂಚದ ಕಾಲಿಗೆ ಇಟ್ಟಂಗಿ ಇಡ್ರಿ ಅಂದ್ರು ಡಾಕ್ಟರು. ನಾ ಮಲಗೂದು ನೆಲದ ಮ್ಯಾಲ. ತಲಿದಿಂಬು ಎರಡು ಇಟ್ರ ನಡದೀತೇನು?

ಮಗಳು: ನಡಿಯಂಗಿಲ್ಲ. ದಿಂಬು ಕುತ್ತಿಗಿ ಅಷ್ಟ ಎತ್ತತೈತಿ, ಹೊಟ್ಟಿ ಮಡಚಿ ಇನ್ನೂ ಒತ್ತತೈತಿ. ಕಾಕು ಹೊಲದ ಕೌದಿ ಎಷ್ಟ ಅದಾವ? ಒಂದನ್ನ ಸೊಂಟದ ತನಕ ಮಡಚಿ ಹಾಸ್ರಿ, ಅದರ ಮ್ಯಾಲ ಇನ್ನೊಂದು ಬೆನ್ನಿನ ನಡುವಿನ ತನಕ, ಮೂರನೇದು ಹೆಗಲಿನ ತನಕ, ತಲಿ ಬಡ್ಡಿಗೆ ಒಂದು ಗೇಣಿನಷ್ಟು ಎತ್ತರ ಬರೂ ಹಂಗ. ಸೊಂಟದಿಂದ ತಲಿ ತನಕ ಒಂದ ಇಳಿಜಾರು ಆಗಬೇಕು, ನಡುವ ಕೊಳ್ಳ ಬೀಳಬಾರದು. ಎಡ ಮಗ್ಗಲಾಗ್ರಿ, ಆ ಮಗ್ಗಲಿಗೆ ಹೊಟ್ಟಿ ನಾಳದ ಬಾಯಿಗಿಂತ ಕೆಳಗ ಇರತೈತಿ. ಪಾಯಜಾಮದ ಲಾಡಿ ಸಡ್ಲ ಬಿಡ್ರಿ. ಉಂಡ ಕೂಡಲೇ ಬೊಗ್ಗಿ ಬೀಮ್ ಎತ್ತೂದು ಬ್ಯಾಡ.

ಕಾಕಾ: ದನಿ ಬರಾಕ ಎಷ್ಟು ದಿನ?

ಮಗಳು: ವಾರದಾಗ ಅಲ್ಲ, ತಿಂಗಳದಾಗ ಎಣಿಸ್ರಿ. ಎದಿ ಉರಿ ಇಳದಷ್ಟು ಲಗೂನ ಗಂಟಲು ಮಾಯಂಗಿಲ್ಲ. ಅಲ್ಲಿ ತನಕ ಮ್ಯಾಲಿನ ಷಡ್ಜ ಬಿಡ್ರಿ, ಪಟ್ಟಿ ಒಂದು ಇಳಿಸ್ರಿ. ದಿನಾ ಒಂದು ಲೋಟ ನೀರಾಗ ಕಡ್ಡಿ ನಳಿಗಿ ಇಟ್ಟು, ಗುಳ್ಳಿ ಏಳೂ ಹಂಗ ಮೆಲ್ಲಕ ಊ ಅಂತ ಸ್ವರ ಹಿಡೀರಿ. ತಂತಿ ಬಡಕೊಳ್ಳಲಾರದ ಕೆಲಸ ಮಾಡೂದು ಕಲೀತಾವ. ಶೆಡ್ಡಿನಾಗ ಒದರೂದು ಬಿಟ್ಟು ಟಾರ್ಚ್ ತೋರಿಸಿ ಕರೀರಿ.

ಕಾಕಾ: ನಂದೊಬ್ಬಂದು ಆತು. ಶೆಡ್ಡಿನಾಗ ಅರ್ಧ ಮಂದಿ ಖ್ಹಂ ಖ್ಹಂ ಅಂತಾರ. ಮೀಟರ ಲೆಕ್ಕದ ಪಗಾರ ಯವ್ವಾ. ಮಗ್ಗ ನಿಂತ್ರ ಮಾಲಕನೂ ಬೈತಾನ, ಕಾರಿಗರನೂ ಕಳಕೋತಾನ. ಕೂತು ಉಣ್ರಿ ಅಂದ್ರ ಯಾರು ಕೇಳತಾರ?

ಮಗಳು: ಜಾಬರ್ ಹೇಳಿದ್ರ ಕೇಳತಾರ. ಮಗ್ಗ ನಿಲ್ಲಿಸಬ್ಯಾಡ್ರಿ, ಜೋಡಿ ಕಟ್ರಿ. ಒಬ್ಬಾಂವ ಉಣ್ಣೂವಾಗ ಮಗ್ಗಲ ಸಾಲಿನಾಂವ ಅವನ ಮಗ್ಗನೂ ನೋಡ್ಕೊಳ್ಳಿ, ಆಮ್ಯಾಲ ಅದಲಿ-ಬದಲಿ. ಇಪ್ಪತ್ತು ಮಿನಿಟಿನ ಮಾತು. ನಡುವ ಬುತ್ತಿ ಉಂಡಾಂವ ಮನಿಗೆ ಹೋಗಿ ಮೂರು ರೊಟ್ಟಿ ಹೊಡಿಯಂಗಿಲ್ಲ.

ಕಾಕಾ: ಅದು ಆಗೂ ಮಾತು. ಕಾಂಡಿ ತುಂಬೂ ಹುಡುಗನ್ನೂ ಒಂದ ಗಳಿಗಿ ನಿಲ್ಲಿಸಬಹುದು. ನಾಳೆನ ಹೇಳತೀನಿ.

ಮಗಳು: ಇದನ್ನೂ ಹೇಳ್ರಿ ಅವರಿಗೆ: ದನಿ ಒಡದು ಮೂರು ವಾರ ದಾಟಿದ್ರ, ನುಂಗೂವಾಗ ಅನ್ನ ಸಿಕ್ಕೊಂಡ್ರ, ರಕ್ತ ಬಿದ್ರ, ಮೈ ಇಳದ್ರ, ಕುತ್ತಿಗ್ಯಾಗ ಗಡ್ಡಿ ಹತ್ತಿದ್ರ, ಒಂದ ಕಡೆ ಕಿವಿಗೆ ನೋವು ಹೊಡದ್ರ, ಪಿತ್ತ ಅಂತ ಗುಳಿಗಿ ನುಂಗಿ ಕೂಡಬಾರದು. ದುರ್ಬೀನ ಹಾಕಿಸಬೇಕು. ತಂಬಾಕ ತಿನ್ನಾವರಂತೂ ಒಂದ ದಿನ ತಡಾ ಮಾಡಬಾರದು.

ಕಾಕಾ: ಈಗ ನನ್ನ ಚಂಚಿಗೆ ಬಂದಿ. ಊಟದ ಯಾಳೆ ಹಿಡೀತೀನಿ, ಕೌದಿ ಹಾಸತೀನಿ, ಪುದೀನಾ ಬಿಟ್ನಿ. ಚಂಚಿ ಮಾತು ಇವತ್ತ ಎತ್ತಬ್ಯಾಡ.

ಮಗಳು: ಎತ್ತತೀನ್ರಿ. ಗುಟ್ಕಾನ ಸರಕಾರ 2012ರಾಗ ಬಂದ್ ಮಾಡ್ತು, ಚಂಚಿ ನಿಮ್ಮ ಬಗಲಾಗ ಹಂಗ ಉಳೀತು. ತಂಬಾಕ ಕೆಳಗಿನ ಬಿಗಿಯನ್ನೂ ಸಡ್ಲ ಮಾಡತೈತಿ, ಬಾಯಿ ಗಂಟಲನ್ನೂ ಕೆಡಸತೈತಿ. ದುರ್ಬೀನಿನಾಗ ಗಡ್ಡಿ ಕಾಣಲಿಲ್ಲ ಅಂದದ್ದು ಈ ಸಲದ ಮಾತು. ಮುಂದಿನ ವರ್ಷದ್ದು ಯಾರೂ ಬರದು ಕೊಡಂಗಿಲ್ಲ. ಬಿಡಾಕ ಒಬ್ಬರಿಂದ ಆಗೂದಿಲ್ಲಂದ್ರ 1800-112-356ಕ್ಕ ಫೋನ್ ಮಾಡಿದ್ರ ಪುಕ್ಕಟೆ ಸಲಹಾ ಕೊಡತಾರ, ನಾನೂ ಜೋಡಿ ಕೂಡತೀನಿ. ಎರಡರಾಗ ಒಂದ ಉಳಿಸ್ಕೋತೀನಿ ಅಂತ ಹಟಾ ಇದ್ರ, ಕಾಕಾ, ಖಾರ ಉಳಿಸ್ಕೋರಿ, ತಂಬಾಕ ಬಿಡ್ರಿ.